ಹನ್ನೆರಡನೆಯ ಚಾಕು

ಏವಿಸ್ ಟಾಂಕ್ಸ್ ಬೇರೆಯವರು ಮಾಡಿಕೊಟ್ಟ ಚಹಾ ಕುಡಿಯುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕಪ್ಪು ಮುಂದೆ ಚಾಚಿದರೆ ಮೊದಲು ಒಳಗೆ ಇಣುಕುತ್ತಿದ್ದರು. "ಹಾಲು ಯಾವತ್ತಿಂದು?" ಎಂದು ಕೇಳುತ್ತಿದ್ದರು. ಏನು ಉತ್ತರ ಕೊಟ್ಟರೂ ಆ ಚಹಾ ಕಿಟಕಿಯ ಹೂಕುಂಡಕ್ಕೇ ಹೋಗುತ್ತಿತ್ತು.

ನಾನು ವಿಲನ್‌ಹಾಲ್ ಊರಿನ ಒಂದು ಹೈಸ್ಕೂಲಿನಲ್ಲಿ ಡಿಸೈನ್ ಅಂಡ್ ಟೆಕ್ನಾಲಜಿ ಕಲಿಸುತ್ತೇನೆ. ಮಕ್ಕಳ ಬಾಯಲ್ಲಿ ಅದು ಡಿ.ಟಿ. ಒಬ್ಬ ಮನುಷ್ಯನ ಕಷ್ಟ ಏನೆಂದು ಕೇಳಿ ತಿಳಿದು, ಅದಕ್ಕೊಂದು ವಸ್ತುವನ್ನು ಯೋಚಿಸಿ, ಬರೆದು, ಮರದಲ್ಲೋ ಲೋಹದಲ್ಲೋ ಮಾಡಿ, ಅದೇ ಮನುಷ್ಯನ ಕೈಗೆ ಕೊಟ್ಟು ನೋಡುವುದು ನಮ್ಮ ಪಾಠ. ಪಾಠ ನನ್ನದಾದರೆ ವರ್ಕ್‌ಶಾಪು ಏವಿಸ್ ಅವರದು. ಉಳಿ ಮಸೆಯುವುದು, ಮರ ಸೀಳಿಕೊಡುವುದು, ಯಂತ್ರಗಳನ್ನು ಹದಕ್ಕಿಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಎಣಿಸುವುದು ಅವರ ಕೆಲಸ.

ವಿಲನ್‌ಹಾಲ್ ಬೀಗದ ಊರು. ಏವಿಸ್ ಹದಿನಾರನೇ ವಯಸ್ಸಿಗೆ ಬೀಗದ ಕಾರ್ಖಾನೆ ಸೇರಿ ಇಪ್ಪತ್ತಮೂರು ವರ್ಷ ಬೀಗದ ಕೈಗಳಿಗೆ ಅರ ಹಾಕಿದವರು. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಶಾಲೆಗೆ ಬಂದರು. "ಇಷ್ಟೊಂದು ಅನುಮಾನ ಯಾಕೆ ಏವಿಸ್?" ಎಂದು ಒಮ್ಮೆ ಕೇಳಿದ್ದೆ. "ಜನರನ್ನ ನಂಬೋ ಹಾಗಿದ್ರೆ ನಮ್ಮೂರು ಇಷ್ಟು ವರ್ಷ ಏನು ತಿಂದು ಬದುಕ್ತಿತ್ತು?" ಎಂದಿದ್ದರು.

ನಾನು ಶ್ರಾಪ್‌ಷೈರಿನ ಗುಡ್ಡದ ಮೇಲೆ ಕುರಿ ಸಾಕುವವರ ಮಗ. ನಮ್ಮ ಮನೆಯಲ್ಲಿ ಡಿಗ್ರಿ ಓದಿದವನು ನಾನೇ ಮೊದಲು. ಕೆಲಸಕ್ಕೆ ಸೇರಿದ ದಿನ ಪ್ರಮಾಣಪತ್ರಗಳ ಫೈಲನ್ನು ಎದೆಗೊತ್ತಿಕೊಂಡು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದೆ. ಏವಿಸ್ ಫೈಲನ್ನು ನೋಡಲೇ ಇಲ್ಲ. "ಕೈ ತೋರಿಸು ಮರಿ," ಎಂದು ನನ್ನ ಬೆರಳುಗಳನ್ನು ಎಣಿಸಿದರು. "ಹತ್ತಿದೆ. ಹೋಗೋವಾಗ್ಲೂ ಹತ್ತಿರಬೇಕು."

ವರ್ಕ್‌ಶಾಪಿನ ಗೋಡೆಗೆ ಒಂದು ದೊಡ್ಡ ಹಲಗೆ ಇತ್ತು. ಒಂದೊಂದು ಸಲಕರಣೆಗೂ ಒಂದೊಂದು ಕೊಕ್ಕೆ, ಕೊಕ್ಕೆಯ ಹಿಂದೆ ಬಿಳಿಯ ಮೇಲೆ ಕೆಂಪು ಬಣ್ಣದಲ್ಲಿ ಆ ಸಲಕರಣೆಯದೇ ಆಕಾರ. ಸುತ್ತಿಗೆ ತೆಗೆದರೆ ಕೆಂಪು ಸುತ್ತಿಗೆ ಕಾಣುತ್ತದೆ, ಮರಳಿ ನೇತುಹಾಕಿದರೆ ಮುಚ್ಚಿಹೋಗುತ್ತದೆ. ಪಾಠ ಮುಗಿದಾಗ ಹಲಗೆಯಲ್ಲಿ ಕೆಂಪು ಕಂಡರೆ ಏವಿಸ್ ಬಾಗಿಲು ತೆಗೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಮೊಳೆಯೂ ಆ ಕೋಣೆ ದಾಟಿರಲಿಲ್ಲ ಎಂಬುದು ಅವರ ಹೆಮ್ಮೆ. ಇಡೀ ಶಾಲೆಯ ನಂಬಿಕೆಯೂ ಅದೇ.

ಆ ಫೆಬ್ರವರಿಯ ಒಂದು ವಾರದ ರಜೆಯಲ್ಲಿ ಅವರೊಬ್ಬರೇ ಬಂದು ಹಲಗೆಗೆ ಹೊಸ ಬಣ್ಣ ಬಳಿದರು. ಸೋಮವಾರ ಬೆಳಿಗ್ಗೆಯೂ ಬಣ್ಣ ಬೆರಳಿಗೆ ಅಂಟುತ್ತಿದ್ದುದರಿಂದ ಸಲಕರಣೆಗಳನ್ನು ಪೆಟ್ಟಿಗೆಯಿಂದಲೇ ಹಂಚಿದೆವು. ಕೊನೆಯ ವರ್ಷದ ಹದಿನಾರು ಮಕ್ಕಳ ತರಗತಿ ಅದು. ಮರದ ಮೇಲೆ ಗೆರೆ ಗೀರುವ ಸಣ್ಣ ಚಾಕುಗಳನ್ನು ಹಂಚಿಕೊಂಡು ಕೆಲಸ ಮಾಡಿದರು. ಗಂಟೆ ಹೊಡೆಯುವ ಹೊತ್ತಿಗೆ ಬಣ್ಣ ಒಣಗಿತ್ತು. ಮಕ್ಕಳು ಒಂದೊಂದೇ ಸಲಕರಣೆಯನ್ನು ಹೊಸ ಹಲಗೆಗೆ ನೇತುಹಾಕಿದರು. ಕೆಳಸಾಲಿನಲ್ಲಿ ಹನ್ನೆರಡು ಚಾಕುಗಳ ಜಾಗ. ಕೊನೆಯದು ಕೆಂಪಾಗಿಯೇ ಉಳಿಯಿತು.

ಏವಿಸ್ ಬಾಗಿಲಿಗೆ ಬೀಗ ತಿರುಗಿಸಿದರು. "ಯಾರೂ ಅಲ್ಲಾಡಬೇಡಿ. ಒಂದು ಚಾಕು ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಹದಿನಾರು ಮಕ್ಕಳೂ ತಂತಮ್ಮ ಜೇಬು ಮುಟ್ಟಿಕೊಂಡರು.

"ಮಿಸ್, ಬ್ರೇಕ್ ಮುಗಿದೋಗತ್ತೆ! ಸಾಸೇಜ್ ರೋಲ್ ಖಾಲಿ ಆಗುತ್ತೆ!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಅದು ಖಾಲಿ ಆಗ್ಲಿ. ನೀನು ಮೊದಲು ಜೇಬು ಖಾಲಿ ಮಾಡು."

ಬೆಂಚುಗಳ ಕೆಳಗೆ, ಮರದ ಹೊಟ್ಟಿನ ಚೀಲದಲ್ಲಿ, ರೇಡಿಯೇಟರಿನ ಹಿಂದೆ ಹುಡುಕಿದೆವು. ಎಲ್ಲೂ ಇರಲಿಲ್ಲ. ಏವಿಸ್ ನನ್ನ ಕಡೆ ತಿರುಗಿದರು. "ಮಧ್ಯದಲ್ಲಿ ಯಾರಾದ್ರೂ ಹೊರಗೆ ಹೋಗಿದ್ರಾ?"

ಹೋಗಿದ್ದಳು. ರಾಕ್ಸೀ ಫೆರಡೇ ಟಾಯ್ಲೆಟ್ಟಿಗೆ ಹೋಗಬೇಕೆಂದಾಗ ನಾನೇ ಚೀಟಿ ಕೊಟ್ಟಿದ್ದೆ. ಎಣಿಕೆಗೆ ಮುಂಚೆ ಯಾರನ್ನೂ ಬಿಡಬಾರದೆಂಬ ನಿಯಮ ಗೊತ್ತಿದ್ದೂ ಕೊಟ್ಟಿದ್ದೆ.

"ಫೆರಡೇ," ಎಂದರು ಏವಿಸ್. ಆ ಹೆಸರು ಸಾಕಾಗಿತ್ತು. ಎರಡು ವರ್ಷದ ಹಿಂದೆ ಅವಳ ಅಣ್ಣ ಬೂಟಿನೊಳಗೆ ಚಾಕು ಇಟ್ಟುಕೊಂಡು ಬಂದು ಶಾಲೆಯಿಂದ ಹೊರಬಿದ್ದಿದ್ದ.

ಅವಳ ಬ್ಯಾಗನ್ನು ಎಲ್ಲರೆದುರು ಬೆಂಚಿನ ಮೇಲೆ ಸುರಿದರು. ಬಾಚಣಿಗೆ, ಅರ್ಧ ತಿಂದ ಚಿಪ್ಸ್ ಪೊಟ್ಟಣ, ಅಜ್ಜಿಯ ಉಣ್ಣೆಯ ಕೈಗವಸು, ಡಿ.ಟಿ. ನಕ್ಷೆಗಳು ಬಿದ್ದವು.

"ನೋಡಿದ್ರಾ? ಇಲ್ಲ," ಎಂದಳು ರಾಕ್ಸೀ. ಕಿವಿ ಕೆಂಪಾಗಿತ್ತು.

"ಇಲ್ಲಿಲ್ಲ ಅಂದ್ರೆ ಚೆನ್ನಾಗಿ ಬಚ್ಚಿಟ್ಟಿದ್ದೀಯ ಅಂತ," ಎಂದರು ಏವಿಸ್.

ಅರ್ಧ ಗಂಟೆಯಲ್ಲಿ ಡೆಪ್ಯುಟಿ ಹೆಡ್ ಪ್ರಾಸರ್ ಬಂದರು. ನಮ್ಮ ಕಡೆ ಶಾಲೆಯಲ್ಲಿ ಚಾಕು ಕಾಣೆಯಾಯಿತೆಂದರೆ ಅದು ಹುಡುಗಾಟದ ಮಾತಲ್ಲ. ರಾಕ್ಸೀಯನ್ನು ಮನೆಗೆ ಕಳಿಸಬೇಕು, ಅವಳ ಹೆಸರು ತೆಗೆದುಹಾಕುವುದೋ ಬೇಡವೋ ಎಂಬುದನ್ನು ಶುಕ್ರವಾರ ತೀರ್ಮಾನಿಸಬೇಕು ಎಂದರು.

"ಸಾಕ್ಷಿ ಏನಿದೆ?" ಎಂದೆ.

"ಮಿಸೆಸ್ ಟಾಂಕ್ಸ್ ಎಣಿಕೆ ಇದೆಯಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲ ತಪ್ಪಿದ್ದು ತೋರಿಸಿ."

ಆ ಹುಡುಗಿ ಕಳೆದುಕೊಳ್ಳಲಿದ್ದುದು ಶಾಲೆಯೊಂದನ್ನೇ ಅಲ್ಲ. ಡಿ.ಟಿ. ಪರೀಕ್ಷೆಯ ಅರ್ಧದಷ್ಟು ಅಂಕಗಳು ಕೈಯಾರೆ ಮಾಡಿದ ವಸ್ತುವಿಗೆ. ಅದನ್ನು ಮನೆಗೆ ಒಯ್ಯುವಂತಿಲ್ಲ. ನಮ್ಮ ಕಣ್ಣೆದುರೇ, ವರ್ಕ್‌ಶಾಪಿನಲ್ಲೇ ಮಾಡಬೇಕು, ಇದು ಅವಳದೇ ಕೆಲಸವೆಂದು ನಾನು ಸಹಿ ಹಾಕಬೇಕು. ಒಪ್ಪಿಸಲು ಮೂರು ವಾರ ಉಳಿದಿತ್ತು. ರಾಕ್ಸೀ ಮಾಡುತ್ತಿದ್ದುದು ಬೀಗದ ಕೈಗೊಂದು ದಪ್ಪ ಮರದ ಹಿಡಿ. ಅವಳ ಅಜ್ಜಿ ಥೆಲ್ಮಾಳ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ, ಮನೆಯ ಬಾಗಿಲು ತೆಗೆಯಲು ಹಾದಿಯಲ್ಲಿ ಹೋಗುವವರನ್ನು ಕರೆಯಬೇಕಾಗುತ್ತಿತ್ತು.

ಮೊಮ್ಮಗಳನ್ನು ಕರೆದೊಯ್ಯಲು ಆ ಥೆಲ್ಮಾಳೇ ಬಂದಳು. ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, "ಏವಿಸ್, ನೀನೂ ನಾನೂ ಒಂದೇ ಬೆಂಚಲ್ಲಿ ಅರ ಹಿಡಿದವರು ಕಣೇ. ನನ್ನ ಮಗು ಕದ್ದಿಲ್ಲ," ಎಂದಳು.

"ಒಂದೇ ಬೆಂಚು ಅಂತಲೇ ಹೇಳ್ತಿದೀನಿ ಥೆಲ್ಮಾ. ಗೇಟಲ್ಲಿ ಚೀಲ ತೋರಿಸದೆ ನೀನೆಷ್ಟು ಸಲ ನುಸುಳಿದ್ದೆ ಅಂತ ನಂಗೆ ಗೊತ್ತಿಲ್ವಾ?"

"ಚೀಲದಲ್ಲಿ ನನ್ನ ಒಗೆಯೋ ಬಟ್ಟೆ ಇರ್ತಿತ್ತು. ಅದನ್ನ ಆ ಕಾವಲುಗಾರನಿಗೆ ಯಾಕೆ ತೋರಿಸ್ಲಿ? ನಿನ್ನ ಗಂಡನ್ನೂ ಹಿಂಗೇ ಅನುಮಾನಿಸ್ತಿದ್ದೆ. ಅವನು ಹೋದದ್ದು ಮೀನು ಹಿಡಿಯೋಕೇ ಅಂತ ಕೊನೆಗೂ ಒಪ್ಪಲಿಲ್ಲ ನೀನು."

ರಾಕ್ಸೀ ಅಜ್ಜಿಯ ತೋಳು ಹಿಡಿದುಕೊಂಡು ಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ಎರಡು ದಿನ ಇಡೀ ಶಾಲೆಗೆ ಒಂದು ಜ್ವರ ಬಂದಂತಿತ್ತು. ನಾನು ಪಾಠ ಮಾಡುತ್ತಾ ಮಕ್ಕಳ ಕಾಲುಚೀಲಗಳನ್ನೇ ನೋಡುತ್ತಿದ್ದೆ. ಸಾಸೇಜ್ ರೋಲಿಗಾಗಿ ಕೂಗಿದವನು ಅಷ್ಟು ಅವಸರ ಏಕೆ ಮಾಡಿದ ಎಂದು ಯೋಚಿಸಿದೆ. ಕಸ ಗುಡಿಸುವವನು ಏಕೆ ಬೇಗ ಬಂದ ಎಂದು ಯೋಚಿಸಿದೆ. ಮಂಗಳವಾರ ನನ್ನ ಬ್ಯಾಗಿನ ಜಿಪ್ಪು ನಾನು ಬಿಟ್ಟಂತೆ ಇರಲಿಲ್ಲ. ಏವಿಸ್ ಅವರನ್ನು ಕೇಳಿದಾಗ, "ಹೌದು, ನೋಡಿದೆ. ನಿನ್ನ ಮೇಲೂ ಅನುಮಾನ ಇತ್ತು, ಈಗ ಸ್ವಲ್ಪ ಕಮ್ಮಿ," ಎಂದರು. ಅಂಗಿಯ ತೋಳು ಮಡಚಿಕೊಂಡು ಹುಡುಗಿಯರ ಟಾಯ್ಲೆಟ್ಟಿನ ನೀರಿನ ತೊಟ್ಟಿಗಳಿಗೆಲ್ಲ ಕೈ ಹಾಕಿ ನೋಡಿ ಬಂದಿದ್ದರು.

ಬುಧವಾರ ಮಕ್ಕಳೆಲ್ಲ ಹೋದ ಮೇಲೆ ಏವಿಸ್ ಕೀಲಿಗೊಂಚಲು ಹಿಡಿದು ಬಂದರು. "ಆ ಹುಡುಗಿ ಡ್ರಾಯರ್ ತೆಗಿ. ಮರ ಟೊಳ್ಳು ಮಾಡಿ ಒಳಗಿಟ್ಟಿರಬಹುದು."

ರಾಕ್ಸೀಯ ಹಿಡಿ ಎರಡು ಹೋಳಾಗಿತ್ತು, ಇನ್ನೂ ಅಂಟಿಸಿರಲಿಲ್ಲ. ಒಳಗೆ ಬೀಗದ ಕೈ ಕೂರಲು ಒಂದು ತೋಡು. ಏವಿಸ್ ಅದನ್ನು ಅಲ್ಲಾಡಿಸಿದರು, ಕಿವಿಗಿಟ್ಟುಕೊಂಡರು, ಬೆಳಕಿಗೆ ಹಿಡಿದರು. ಹಲಗೆಯಿಂದ ಒಂದು ಚಾಕು ತಂದು ತೋಡಿನಲ್ಲಿ ಕೂರುತ್ತದೆಯೇ ಎಂದು ಇಟ್ಟು ನೋಡಿದರು. ತೋಡು ತೀರಾ ಗಿಡ್ಡ. "ಹ್ಞೂಂ," ಎಂದು ಚಾಕುವನ್ನು ಹಿಂದಕ್ಕೆ ನೇತುಹಾಕಲು ಹೋದರು.

ಆ ಚಾಕುವಿನ ಹಿಡಿಯ ಬುಡದಲ್ಲಿ ಒಂದು ಚೂರು ಹಾರಿಹೋಗಿತ್ತು. ಅದನ್ನು ಅವರು ಖಾಲಿಯಿದ್ದ ಹನ್ನೆರಡನೆಯ ಕೊಕ್ಕೆಗೆ ಹಾಕಿದರು. ಕೆಂಪು ಆಕಾರದಲ್ಲೂ ಅದೇ ಜಾಗದಲ್ಲಿ ಚೂರು ಹಾರಿತ್ತು. ಸರಿಯಾಗಿ ಮುಚ್ಚಿಕೊಂಡಿತು. ಏವಿಸ್ ಅದನ್ನು ತೆಗೆದು ಅದರದೇ ಹಳೆಯ ಕೊಕ್ಕೆಗೆ ಹಾಕಿದರು. ಅಲ್ಲೂ ಸರಿಯಾಗಿ ಮುಚ್ಚಿಕೊಂಡಿತು. ಆಮೇಲೆ ಪಕ್ಕದ ಚಾಕುಗಳನ್ನು ಒಂದೊಂದಾಗಿ ಬೆಂಚಿಗೆ ಇಳಿಸಿದರು.

"ಮರಿ, ಬಾ ಇಲ್ಲಿ. ಸರಿಯಾಗಿ ನೋಡು."

"ಕೆಂಪು ಆಕಾರಗಳೆಲ್ಲ ಒಂದೇ ಥರ ಇವೆಯಲ್ಲ. ಎಲ್ಲದರ ಬುಡದಲ್ಲೂ ಚೂರು ಹಾರಿದೆ."

"ಒಂದೇ ಥರ ಅಲ್ಲ. ಒಂದೇ ಚಾಕು. ಹನ್ನೆರಡು ಸಲ ಬರೆದಿದೀನಿ."

ನನಗೆ ತಡವಾಗಿ ಅರ್ಥವಾಯಿತು. ಕೊಕ್ಕೆ ಹನ್ನೆರಡಿದ್ದವು. ಒಂದು ಚಾಕುವನ್ನು ಒಂದೊಂದು ಕೊಕ್ಕೆಗೂ ಒತ್ತಿ, ಸುತ್ತ ಗೆರೆ ಎಳೆದು, ಬಣ್ಣ ತುಂಬಿದ್ದರು. ಯಾರೇ ಆದರೂ ಹಾಗೇ ಮಾಡುತ್ತಾರೆ. ಆದರೆ ಅದರಿಂದ ಕೊಕ್ಕೆ ಎಷ್ಟೆಂದು ತಿಳಿಯುತ್ತದೆಯೇ ಹೊರತು ಚಾಕು ಎಷ್ಟೆಂದು ತಿಳಿಯುವುದಿಲ್ಲ.

"ಸೋಮವಾರ ಪೆಟ್ಟಿಗೆಯಿಂದ ಹಂಚುವಾಗ ಎಣಿಸಿದ್ರಿ ತಾನೇ?" ಎಂದೆ.

ಏವಿಸ್ ನನ್ನ ಮುಖ ನೋಡಲಿಲ್ಲ. ತಮ್ಮ ಕಪಾಟಿನ ಬೀಗ ತೆಗೆದು ಒಂದು ಬಿಸ್ಕತ್ತಿನ ಡಬ್ಬ ತಂದರು. ರಜೆಗೆ ಮುಂಚೆ ಚಾಕುಗಳನ್ನು ಪೆಟ್ಟಿಗೆಯಲ್ಲಿಡುವಾಗ ಒಂದೊಂದರ ಮೊನೆಗೂ ಒಂದೊಂದು ವೈನ್ ಬಾಟಲಿಯ ಬಿರಡೆ ಚುಚ್ಚಿದ್ದರಂತೆ. ಸೋಮವಾರ ಬೆಳಿಗ್ಗೆ ಕಿತ್ತು ಈ ಡಬ್ಬಕ್ಕೆ ಹಾಕಿ ಬೀಗ ಹಾಕಿದ್ದರು. ಬೆಂಚಿನ ಮೇಲೆ ಬಿರಡೆಗಳನ್ನು ಸಾಲಾಗಿ ನಿಲ್ಲಿಸಿದರು. ಹನ್ನೊಂದು. ನನಗೂ ಎಣಿಸಲು ಹೇಳಿದರು. ಹನ್ನೊಂದೇ.

"ಡಿಸೆಂಬರಲ್ಲಿ ನೀನು ಬಣ್ಣದ ಡಬ್ಬದ ಮುಚ್ಚಳ ಎಬ್ಬಿಸೋಕೆ ಒಂದು ಚಾಕು ತಗೊಂಡೆ. ತುದಿ ಮುರೀತು," ಎಂದು ಏವಿಸ್ ನಿಧಾನವಾಗಿ ಹೇಳಿದರು. "ನಿಂಗೆ ಬೈದು, ಅದನ್ನ ಬಿಸಾಕಿದೆ."

ನೆನಪಾಯಿತು. ಹಳೆಯ ಹಲಗೆಯಲ್ಲಿ ಆ ಆಕಾರದ ಮೇಲೆ ಅವರು ಬಿಳಿ ಟೇಪು ಅಂಟಿಸಿದ್ದರು. ಬಣ್ಣಕ್ಕೆ ಮುಂಚೆ ಹಲಗೆಯನ್ನು ಉಜ್ಜುವಾಗ ಟೇಪೂ ಹೋಯಿತು, ನೆನಪೂ ಹೋಯಿತು.

ಅವರು ಸ್ಟೂಲಿನ ಮೇಲೆ ಕುಳಿತರು. ಅಷ್ಟು ದಿನದಲ್ಲಿ ಅವರು ಕೆಲಸದ ಹೊತ್ತಿನಲ್ಲಿ ಕುಳಿತದ್ದನ್ನು ನಾನು ನೋಡಿರಲಿಲ್ಲ. ಮುಂದಿನ ವರ್ಷ ನಿವೃತ್ತಿ. ಆ ಹುಡುಗಿಯನ್ನೂ ಉಳಿಸಬೇಕು, ಇವರನ್ನೂ ಉಳಿಸಬೇಕು ಎಂದು ನನಗೊಂದು ಉಪಾಯ ಹೊಳೆಯಿತು. "ಕೆಳಗಿನ ತರಗತಿಯವರ ಸಣ್ಣ ವರ್ಕ್‌ಶಾಪಿನಿಂದ ಒಂದು ಚಾಕು ತರ್ತೀನಿ. ರೇಡಿಯೇಟರ್ ಹಿಂದೆ ಸಿಕ್ತು ಅಂತ ಹೇಳೋಣ. ಇಬ್ಬರಿಗೂ ಒಳ್ಳೇದು."

ಏವಿಸ್ ತಲೆಯೆತ್ತಿದರು. "ರೇಡಿಯೇಟರ್ ಹಿಂದೆ ನಾವು ಹುಡುಕಿದ್ದು ಹದಿನಾರು ಮಕ್ಕಳು ನೋಡಿದಾರೆ. ಈಗ ಅಲ್ಲಿ ಸಿಕ್ರೆ ಏನಂತಾರೆ? ಅವಳೇ ಹೆದರಿ ತಂದು ಎಸೆದಳು ಅಂತಾರೆ. ಎಲ್ಲರಿಗಿಂತ ಮೊದಲು ನಾನೇ ಹಂಗಂತಿದ್ದೆ."

ಚಾಕು ಸಿಕ್ಕರೆ ಆ ಹುಡುಗಿ ಪಾರಾಗುವುದಿಲ್ಲ. ಚಾಕು ಇರಲೇ ಇಲ್ಲ ಎಂದರೆ ಮಾತ್ರ ಪಾರಾಗುತ್ತಾಳೆ. ಅನುಮಾನದಲ್ಲೇ ಬದುಕಿದವರಿಗೆ ಅನುಮಾನ ನಡೆಯುವ ದಾರಿ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹನ್ನೊಂದು ಚಾಕು, ಹನ್ನೊಂದು ಬಿರಡೆಗಳನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಏವಿಸ್ ಆಗಲೇ ಪ್ರಾಸರ್ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ಡಿಸೆಂಬರಿನ ನನ್ನ ಪಾಲನ್ನೂ, ಸೋಮವಾರದ ಚೀಟಿಯನ್ನೂ ನಾನೇ ಹೇಳಿದೆ.

"ನೀವು ಎಣಿಸಿದ್ದೀನಿ ಅಂದಿದ್ರಿ," ಎಂದರು ಪ್ರಾಸರ್.

"ಎಣಿಸಲಿಲ್ಲ. ಹಲಗೆ ನೋಡಿದೆ ಅಷ್ಟೇ."

ಪ್ರಾಸರ್ ಬಿರಡೆಗಳನ್ನು ತಾವೂ ಎಣಿಸಿದರು. "ಸರಿ, ಹುಡುಗಿ ಶುಕ್ರವಾರ ಬರಲಿ. ವಿಷಯ ಮುಗಿದಿದೆ ಅಂತ ಅವರ ಮನೆಗೊಂದು ಪತ್ರ ಹಾಕೋಣ. ವಿವರ ಎಲ್ಲ ಬೇಡ."

"ಮುಗಿದಿದೆ ಅಂದ್ರೆ ಏನರ್ಥ? ಕದ್ದಿಲ್ಲ ಅಂತಲಾ, ಕದ್ರೂ ಬಿಟ್ವಿ ಅಂತಲಾ?" ಎಂದರು ಏವಿಸ್. ಪ್ರಾಸರ್ ಅವರಿಂದ ಪತ್ರವನ್ನು ಮೂರು ಸಲ ತಿದ್ದಿಸಿದ ಮೇಲೆಯೇ ಅಲ್ಲಿಂದ ಎದ್ದರು.

ಶುಕ್ರವಾರ ಬೆಳಿಗ್ಗೆ ರಾಕ್ಸೀ ಆಫೀಸಿಗೆ ಬಂದಳು. ಏವಿಸ್ ಅವಳೆದುರು ನಿಂತು, "ನನ್ನದು ತಪ್ಪಾಯ್ತು," ಎಂದರು.

"ಬ್ಯಾಗ್ ಸುರಿದಿದ್ದು ಎಲ್ಲರೆದುರಿಗೆ," ಎಂದಳು ರಾಕ್ಸೀ. "ತಪ್ಪಾಯ್ತು ಅನ್ನೋದು ಇಲ್ಲಿ, ಬಾಗಿಲು ಹಾಕ್ಕೊಂಡಾ?"

ಪ್ರಾಸರ್ ಕೆಮ್ಮಿದರು. ಏವಿಸ್ ಹೌದೆಂಬಂತೆ ತಲೆ ಆಡಿಸಿದರು.

ಎರಡನೇ ಪೀರಿಯಡ್ಡಿನಲ್ಲಿ ಹದಿನಾರು ಮಕ್ಕಳೂ ಏಪ್ರನ್ ಕಟ್ಟಿಕೊಂಡು ನಿಂತಿದ್ದಾಗ ಏವಿಸ್ ಹಲಗೆಯ ಮುಂದೆ ಬಂದರು. "ಸೋಮವಾರ ಹನ್ನೆರಡನೇ ಚಾಕು ಇರಲೇ ಇಲ್ಲ. ಡಿಸೆಂಬರಲ್ಲೇ ನಾನೇ ಬಿಸಾಕಿದ್ದೆ, ಮರೆತೆ. ಮರೆತು, ಈ ಹುಡುಗಿ ಮೇಲೆ ಹಾಕಿದೆ. ಅವಳ ಅಣ್ಣನ ಹೆಸರು ಹಿಡಿದು ಹಾಕಿದೆ. ಅವಳು ಏನೂ ಕದ್ದಿಲ್ಲ. ಇನ್ನು ಯಾರಾದ್ರೂ ಅವಳಿಗೆ ಚಾಕು ಕಳ್ಳಿ ಅಂತ ಅಂದ್ರೆ, ನನ್ನನ್ನ ಕುರುಡಿ ಅಂತಲೂ ಅನ್ನಿ."

ಯಾರೋ ಕಿಸಕ್ಕೆಂದರು. ಏವಿಸ್ ಗದರಲಿಲ್ಲ.

ರಾಕ್ಸೀಯ ಮುಖ ಸಡಿಲವಾಗಲಿಲ್ಲ. ಕೈ ಮುಂದೆ ಚಾಚಿದಳು. "ಚಾಕು ಕೊಡಿ. ಎಲ್ಲರಿಗೂ ಕಾಣೋ ಹಾಗೆ ಕೊಡಿ. ತಗೊಳ್ಳೋವಾಗ್ಲೂ ಹಂಗೇ ತಗೊಳ್ಳಿ."

"ಕೊಡ್ತೀನಿ," ಎಂದು ಏವಿಸ್ ಚಾಕುವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ ಅವಳ ಕೈಗಿಟ್ಟರು.

ಮೂರು ದಿನದ ಕೆಲಸ ಹಿಂದೆ ಬಿದ್ದಿತ್ತು. ರಾಕ್ಸೀ ಡ್ರಾಯರಿನಿಂದ ಹಿಡಿಯ ಎರಡು ಹೋಳು ತೆಗೆದು ಮೂಲೆಮಟ್ಟ ಒತ್ತಿ ಗೆರೆ ಗೀರಿದಳು. ಮೂಲೆಮಟ್ಟ ಜರುಗಿ ಗೆರೆ ಓರೆಯಾಯಿತು. ತಲೆಯೆತ್ತಿ, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದಳು. ಏವಿಸ್ ನೋಡಿದ್ದರು. ಬೇರೆ ಕಡೆ ತಿರುಗಿಕೊಂಡು ಉಳಿ ಮಸೆಯತೊಡಗಿದರು. ರಾಕ್ಸೀ ಆ ಗೆರೆಯನ್ನು ಉಜ್ಜಿ ತೆಗೆದು, ಉಸಿರು ಬಿಗಿಹಿಡಿದು, ಮತ್ತೊಮ್ಮೆ ಗೀರಿದಳು.