ಕಂಬಿ ಇರುವ ಮನೆ ಆಗಿಬರುವುದಿಲ್ಲವಂತೆ

ಮನೆ ನೋಡಲು ಬಂದ ಹೆಂಗಸು ನಮ್ಮ ಬಾತ್‌ರೂಮಿನ ಬಾಗಿಲು ತೆಗೆದವಳೇ ಒಂದು ಹೆಜ್ಜೆ ಹಿಂದೆ ಸರಿದು ಕೇಳಿದಳು, “ಇಲ್ಲಿ ಯಾರ್ ತೀರ್ಕಂಡ್ರು ರೀ?”

ತೀರಿಕೊಳ್ಳದ ಮನುಷ್ಯ ಆಗ ಪಕ್ಕದ ಹಾಲ್‌ನಲ್ಲಿ ಕುರ್ಚಿ ಮೇಲೆ ಕೂತು ಟೀವಿಯಲ್ಲಿ ಕಬಡ್ಡಿ ನೋಡುತ್ತಿದ್ದರು. ನನ್ನ ಗಂಡ. ಕಿವಿ ಮಾತ್ರ ಅವರಿಗೆ ಮೊದಲಿನಷ್ಟೇ ಚುರುಕು.

ಸೊರಬದಿಂದ ಶಿಕಾರಿಪುರಕ್ಕೆ ಬಂದವಳು ವಲಸೆಯ ಕತೆ ಬರೆಯುತ್ತಾಳಾ ಎಂದು ನಗುವವರು ಈಗಲೇ ನಕ್ಕುಬಿಡಿ. ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವ ಮೊದಲು ಬಂದು ಮುಟ್ಟುವ ಊರು, ಗೊತ್ತು. ಆದರೆ ದುಬೈಗೆ ಹೋದವರಿಗೆ ತಾವು ಬೇರೆ ಕಡೆ ಬಂದಿದ್ದೇವೆ ಎಂದು ಮೊದಲೇ ಗೊತ್ತಿರುತ್ತದೆ. ನಮಗೆ ಗೊತ್ತಿರಲಿಲ್ಲ. ಅದೇ ಕನ್ನಡ, ಅದೇ ಜಿಲ್ಲೆ ಅಂದುಕೊಂಡು ಬಂದೆವು. ಮೊದಲ ದಿನ ತರಕಾರಿ ಗಾಡಿಯವನ ಹತ್ತಿರ “ಇದೆಂತದು?” ಎಂದು ಕೇಳಿದೆ. “ಎಂತದೂ ಇಲ್ರೀ ಅಕ್ಕಾರ, ಬದನಿಕಾಯಿ ಅಷ್ಟ” ಎಂದು ಅವನು ನಕ್ಕ, ಸುತ್ತ ನಿಂತವರೂ ನಕ್ಕರು. ಆವತ್ತಿಂದ ಆ ಬೀದಿಯಲ್ಲಿ ನನ್ನ ಹೆಸರು ‘ಎಂತದಕ್ಕ’.

ಪಕ್ಕದ ಮನೆಯ ಗಿರಿಜವ್ವ ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ “ಜಳಕ ಆತೇನ್ರಿ?” ಎನ್ನುತ್ತಿದ್ದರು. ಸ್ನಾನ ಆಯ್ತಾ ಎಂದು ಕೇಳುವುದು ಇಲ್ಲಿ ತಿಂಡಿ ಆಯ್ತಾ ಎಂದು ಕೇಳಿದ ಹಾಗೆ. ನನಗೆ ಮೈಯೆಲ್ಲ ಮುಜುಗರ. ನನ್ನ ತವರು ಉಳವಿ ಕಡೆ ಯಾರ ಮೀಯೋದನ್ನು ಯಾರು ವಿಚಾರಿಸುತ್ತಾರೆ? ಜೋಳದ ರೊಟ್ಟಿ ತಟ್ಟಲು ಅವರೇ ಕಲಿಸಿದರು. ನನ್ನ ಮೊದಲ ರೊಟ್ಟಿ ನೋಡಿ, “ಇದು ರೊಟ್ಟಿ ಅಲ್ರೀ, ಭೂಪಟ” ಅಂದರು. ಅದು ಉಬ್ಬಿ ನಿಂತ ದಿನ ಸಂಭ್ರಮಪಟ್ಟಿದ್ದು ನಾನೊಬ್ಬಳೇ. ಗಂಡ ತಟ್ಟೆ ನೋಡಿ “ಗಂಜಿ ಇಲ್ವನೆ ಮಾರಾಯ್ತಿ?” ಎಂದರು.

ನಮ್ಮನೆಯವರು ರೈಸ್ ಮಿಲ್ಲಿನಲ್ಲಿ ಆಪರೇಟರ್. ಸೊರಬದ ಮಿಲ್ಲು ಬಾಗಿಲು ಹಾಕಿತು, ಇಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮನೆ ಮಾರಿ ಇಲ್ಲಿ ಒಂದು ಮನೆ ತೆಗೆದುಕೊಂಡೆವು. ಸೊರಬದ ಮನೆ ನೋಡಲು ಬಂದವರು ಬಾವಿಗೆ ಇಣುಕಿದ್ದರು, ಖಾತೆ ಯಾರ ಹೆಸರಲ್ಲಿದೆ ಎಂದು ಕೇಳಿದ್ದರು, ತೊಲೆಗೆ ಗೆದ್ದಲು ಹಿಡಿದಿದೆಯಾ ಎಂದು ತಟ್ಟಿ ನೋಡಿದ್ದರು. ಬಚ್ಚಲ ಕಡೆ ಯಾರೂ ತಲೆ ಹಾಕಲಿಲ್ಲ. ಅದು ಹಿತ್ತಲಲ್ಲಿ, ಹಂಡೆ ಒಲೆಯ ಹೊಗೆಗೆ ಕಪ್ಪು ಹಿಡಿದುಕೊಂಡು ತನ್ನ ಪಾಡಿಗೆ ತಾನಿತ್ತು. ಬಚ್ಚಲಿಗೆ ಬೆಲೆ ಕಟ್ಟುವುದು ಎಂದರೆ ನಮಗೆ ಗೊತ್ತೇ ಇರಲಿಲ್ಲ.

ಇಲ್ಲಿ ಶುರುವಾಗುವುದೇ ಅಲ್ಲಿಂದ. ಬ್ರೋಕರ್ ರುದ್ರೇಶ ಹೇಳುತ್ತಿದ್ದ, “ಬಾತ್‌ರೂಂ ನೋಡಿ ಹೆಣ್ಮಕ್ಳು ಹೂಂ ಅಂತಾರ, ಆಮ್ಯಾಲೆ ಗಂಡಸ್ರು ರೇಟ್ ಮಾತಾಡ್ತಾರ. ಅಟ್ಯಾಚ್ ಇಲ್ಲ ಅಂದ್ರ ಮದುವಿ ಮಾಡೋ ಮಗ ಇರೋರು ಬರಂಗಿಲ್ಲ. ಕಮೋಡ್ ಇಲ್ಲ ಅಂದ್ರ ಮೊಣಕಾಲು ನೋವಿನೋರು ಬರಂಗಿಲ್ಲ. ಕಮೋಡ್ ಒಂದೇ ಐತಿ ಅಂದ್ರ ಅಜ್ಜಂದಿರು ಸಿಟ್ಟಾಗ್ತಾರ.” ಟೈಲ್ಸ್ ಮೇಲಿನವರೆಗೂ ಇರಬೇಕು, ಗೀಸರ್ ಪಾಯಿಂಟ್ ಇರಬೇಕು, ನೀರು ಕಾಲಡಿ ನಿಲ್ಲಬಾರದು. ನಮ್ಮ ಹಿಂದಿನ ರಸ್ತೆಯಲ್ಲಿ ಗಟ್ಟಿಮುಟ್ಟಾದ ಮನೆಯೊಂದು, ಸಂಡಾಸು ಹೊರಗಿದೆ ಎನ್ನುವ ಒಂದೇ ಕಾರಣಕ್ಕೆ ಬೋರ್ಡ್ ಹಾಕಿಕೊಂಡು ನಿಂತೇ ಇದೆ.

ಬಂದ ಎರಡನೇ ವರ್ಷ ನಮ್ಮನೆಯವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ನಾಲಿಗೆ ಅರ್ಧ ಉಳಿಯಿತು. ಕೆಲಸವೂ ಅಲ್ಲಿಗೆ ಮುಗಿಯಿತು. ನಾನು ಅವರನ್ನು ಎತ್ತಿ ಕೂರಿಸುವುದು, ತೊಳೆಯುವುದು, ಒರೆಸುವುದು. ಮಿಲ್ಲಿನಲ್ಲಿ ಅಕ್ಕಿ ಮೂಟೆ ಹೊತ್ತ ಬೆನ್ನು ಅದು. ಸೋಪು ಹಚ್ಚುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದರು.

ಆಸ್ಪತ್ರೆಯ ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಕಂಬಿ ಇರುವುದನ್ನು ಗಿರಿಜವ್ವ ನೋಡಿಕೊಂಡು ಬಂದು ಹೇಳಿದರು. ಮೆಟ್ಟಿಲಿಗೆ ರೇಲಿಂಗ್ ಮಾಡುವ ರಫೀಕ್ ಸಾಬರನ್ನು ಕರೆಸಿದೆವು. ಬಾಗಿಲು ಅಗಲ ಮಾಡಿಸಿ, ಹೊಸ್ತಿಲು ಒಡೆಸಿ, ಮಧ್ಯದ ಗೋಡೆ ತೆಗೆಸಿ ಬಚ್ಚಲು, ಸಂಡಾಸು ಎರಡನ್ನೂ ಒಂದು ಮಾಡಿಸಿದೆವು. ಮಂಚದ ಪಕ್ಕದಿಂದ ಕಮೋಡಿನವರೆಗೆ ಸ್ಟೀಲ್ ಕಂಬಿ ಬಂತು. ಎಡಗೈಯಲ್ಲಿ ಕಂಬಿ ಹಿಡಿದು, ಬಲಗಾಲು ಎಳೆದುಕೊಂಡು, ಒಂದು ಬೆಳಿಗ್ಗೆ ಅವರೊಬ್ಬರೇ ಹೋದರು. ನಾನು ಹೊರಗೆ ನಿಂತಿದ್ದೆ. ಒಳಗಿಂದ ಮಾತು ಬಂತು, “ನಿಂತ್ಕಂಡ್... ಎಂತ ಮಾಡ್ತಿ? ಹೋಗು.” ಮದುವೆಯಾದಾಗಿನಿಂದ ಅವರು ನನ್ನನ್ನು ಗದರಿದ್ದರಲ್ಲಿ ಅಷ್ಟು ಚೆಂದದ ಗದರಿಕೆ ಇನ್ನೊಂದಿಲ್ಲ.

ಆಮೇಲೆ ಅವರಿಗೆ ಊರಿನ ಹುಚ್ಚು ಹಿಡಿಯಿತು. ಕೆಲಸವಿಲ್ಲದ ಮೇಲೆ ಇಲ್ಲೇನಿದೆ? ಸೊರಬದ ಹತ್ತಿರ ಅವರ ಹುಟ್ಟೂರು ಕುಪ್ಪಗಡ್ಡೆಯಲ್ಲಿರುವ ಅಣ್ಣ ಜಾಗ ಕೊಡುತ್ತೇನೆ ಎಂದರು. ಈ ಮನೆ ಮಾರಿದರೆ ಅಲ್ಲಿ ಸಣ್ಣದೊಂದು ಮನೆ ಏಳುತ್ತದೆ. ಮಾರದಿದ್ದರೆ ಏನೂ ಏಳುವುದಿಲ್ಲ. ಅಷ್ಟೇ ಲೆಕ್ಕ. ಅವರು ದಿನಾ ಬೆಳಿಗ್ಗೆ ಏಳುತ್ತಲೇ “ರುದ್ರೇಶ ಫೋನ್... ಮಾಡಿದ್ನಾ?” ಎಂದು ಕೇಳುತ್ತಿದ್ದರು.

ಜನ ಬಂದರು. ಅಡುಗೆಮನೆ ಹೊಗಳಿದರು, ಬೋರಿನ ನೀರು ಕುಡಿದು ಸಿಹಿ ಐತಿ ಅಂದರು, ಬಾತ್‌ರೂಂ ಬಾಗಿಲು ತೆಗೆದರು, ಚಪ್ಪಲಿ ಹುಡುಕಿದರು. ಎಲ್ಲರದ್ದೂ ಒಂದೇ ಪ್ರಶ್ನೆ: “ಮನಿ ನಿಮಗ ಆಗಿಬಂದಿಲ್ಲೇನ್ರಿ?”

ಆಗಿಬರುವುದು! ಔಷಧಿ ಆಗಿಬರುತ್ತದೆ, ಸೊಸೆ ಆಗಿಬರುತ್ತಾಳೆ, ಎಮ್ಮೆ ಆಗಿಬರುತ್ತದೆ. ಮನೆಯೂ ಆಗಿಬರಬೇಕು. ಇದು ಸೊರಬಕ್ಕೂ ಶಿಕಾರಿಪುರಕ್ಕೂ ಒಂದೇ ಮಾತು, ಇದರಲ್ಲಿ ಮಾತ್ರ ನಮಗೆ ಭೇದವಿಲ್ಲ. ಎದ್ದು ನಡೆಯಲಿ ಎಂದು ಹಾಕಿದ ಕಂಬಿಯನ್ನು ನೋಡಿದವರಿಗೆ ಕಂಡಿದ್ದು ಬಿದ್ದವನು. ಲಕ್ವ ಈ ಗೋಡೆಯಲ್ಲಿದೆ, ಟೈಲ್ಸಿನ ಸಂದಿಯಲ್ಲಿದೆ, ಮನೆ ಕೊಂಡರೆ ಅದೂ ಜೊತೆಗೆ ಬರುತ್ತದೆ ಎನ್ನುವ ಹಾಗೆ ಸೆರಗು ಮುದುರಿಕೊಳ್ಳುತ್ತಿದ್ದರು.

ಮೊದಲು ಹೇಳಿದ ಆ ಹೆಂಗಸು ಹೋದ ಮೇಲೆ ರುದ್ರೇಶ ತಲೆ ಕೆರೆದುಕೊಂಡ. “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಕಂಬಿ ತಗಸ್ರಿ. ಬಾತ್‌ರೂಂ ಭಾರೀ ದೊಡ್ಡದೈತಿ, ಅದೇ ಪ್ಲಸ್ ಪಾಯಿಂಟ್. ಕಂಬಿ ಇತ್ತಂದ್ರ ಆಸ್ಪತ್ರಿ. ಕಂಬಿ ತಗದ್ರ ಲಾಡ್ಜು.”

“ಅವ್ರು ಹೋಗೋದು ಹ್ಯಾಗೆ ಮಾರಾಯಾ?” ಎಂದೆ.

ಹಾಲ್‌ನಿಂದ ಉತ್ತರ ಬಂತು. “ತೆಗ್ಸು.”

“ನೀವು ಸುಮ್ನಿರಿ.”

“ತೆಗ್ಸು. ಊರಿಗ್... ಹೋಗಣ.”

ರಫೀಕ್ ಸಾಬರು ಬಂದು ಕಂಬಿ ಬಿಚ್ಚಿ, ತೂತುಗಳಿಗೆ ಬಿಳಿ ಸಿಮೆಂಟ್ ಮೆತ್ತಿದರು. ನಮ್ಮನೆಯವರು ಮಂಚದ ಮೇಲೆ ಮಲಗಿದರು. ಬೆಡ್‌ಪ್ಯಾನ್, ಡೈಪರ್ ಮತ್ತೆ ಬಂದವು. ನಾನು ಹಿಡಿದುಕೊಂಡು ನಡೆಸುತ್ತೇನೆ ಎಂದರೆ ಬೇಡ, ನಿನ್ನ ಸೊಂಟ ಮುರಿಯುತ್ತದೆ, ಮನೆ ಹೋದ ಮೇಲೆ ನೋಡೋಣ ಎಂದು ಕೈಸನ್ನೆ. ವಾರಗಳು ಹೋದವು. ಮನೆ ಒಂದೇ ಹೋಗಬೇಕಿತ್ತು, ಕಾಲೂ ಹೋಗುತ್ತಿತ್ತು.

ಅಷ್ಟರಲ್ಲಿ ಸಿಕ್ಕಿದರು ನೋಡಿ, ಗಂಡ ಹೆಂಡತಿ, ಇಬ್ಬರೂ ನೌಕರಿಯವರು. ಅವರು ಬರುವ ಭಾನುವಾರ ನಮ್ಮನೆಯವರನ್ನು ಕುರ್ಚಿ ಸಮೇತ ಎತ್ತಿ ಗಿರಿಜವ್ವನ ಮನೆಯಲ್ಲಿ ಕೂರಿಸಿದೆವು. ಹೌದು, ಬಚ್ಚಿಟ್ಟೆವು. ಹಾಗೆ ಮಾಡು ಎಂದಿದ್ದು ರುದ್ರೇಶನಲ್ಲ, ನಮ್ಮನೆಯವರೇ. ಬಂದ ಹೆಂಡತಿ ಬಾತ್‌ರೂಮಿನ ನಡುವೆ ನಿಂತು ಎರಡೂ ಕೈ ಅಗಲಿಸಿ, “ರೀ, ನಮ್ಮ ಬೆಡ್‌ರೂಂಗಿಂತ ದೊಡ್ಡದೈತಿ ನೋಡ್ರಿ!” ಎಂದು ನಕ್ಕಳು. ವಾಷಿಂಗ್ ಮಶೀನ್ ಎಲ್ಲಿಡುವುದು, ಕನ್ನಡಿ ಎಲ್ಲಿ ಹಾಕುವುದು, ಎಲ್ಲ ಅಲ್ಲೇ ನಿಶ್ಚಯ. ಶುಕ್ರವಾರ ಅಡ್ವಾನ್ಸ್ ಎಂದರು. ಅವಳ ಅಂಗೈ ಹಾಯ್ದು ಹೋದ ಟೈಲ್ಸನ್ನೇ ನಾನು ನೋಡುತ್ತಿದ್ದೆ. ವಾಸ್ತವ್ಯ ಅವಳದ್ದು ಆಗಲೇ ಶುರುವಾಗಿತ್ತು.

ಗೇಟು ಮುಚ್ಚಿದ ಕೂಡಲೇ ಗಿರಿಜವ್ವ ಓಡಿ ಬಂದರು. “ಲಗೂನ ಬರ್ರಿ.”

ಅವರ ಮನೆಯ ಪ್ಯಾಸೇಜಿನಲ್ಲಿ ನಮ್ಮನೆಯವರು ನೆಲದ ಮೇಲೆ ಕೂತಿದ್ದರು. ಪಂಚೆ ಒದ್ದೆಯಾಗಿತ್ತು. ಬೇರೆಯವರ ಮನೆ ಕೊಳೆಯಾಗಬಾರದೆಂದು ಬಚ್ಚಲಿಗೆ ಹೋಗಲು ಕುರ್ಚಿಯಿಂದ ಎದ್ದಿದ್ದಾರೆ. ಎಡಗಾಲು, ಒಳ್ಳೆಯ ಕಾಲು, ಅದೇ ಮಡಚಿಕೊಂಡಿದೆ. ಪೆಟ್ಟಾಗಿರಲಿಲ್ಲ. ಗಿರಿಜವ್ವ ನೆಲ ಒರೆಸುತ್ತ ಒಂದೇ ಸಮನೆ “ಏನಾತ್ ಬಿಡ್ರಿ, ಏನಾತ್ ಬಿಡ್ರಿ” ಎನ್ನುತ್ತಿದ್ದರು. ನಮ್ಮನೆಯವರು ನನ್ನನ್ನು ನೋಡಿ ಕೇಳಿದ್ದು ಒಂದೇ: “ಒಪ್ಪಿದ್ರಾ?”

ಮರುದಿನ ಡಾಕ್ಟರು ಕಾಲು ಮುಟ್ಟಿ ನೋಡಿ, ಹೀಗೇ ಮಲಗಿಸಿದರೆ ಇದು ವಾಪಸ್ ಬರುವುದಿಲ್ಲ ಎಂದರು. ಕುಪ್ಪಗಡ್ಡೆಯಲ್ಲಿ ನಮ್ಮ ಮನೆ ಏಳುವವರೆಗೆ ಇರಬೇಕಾದದ್ದು ಭಾವನವರ ಹಳೆಯ ಮನೆಯಲ್ಲಿ. ಅಲ್ಲಿ ಬಚ್ಚಲಿಗೆ ಅಂಗಳ ದಾಟಿ, ಪಾಚಿ ಹಿಡಿದ ಮೆಟ್ಟಿಲು ಇಳಿದು ಹೋಗಬೇಕು. ನಾನು ಆಸ್ಪತ್ರೆಯ ಮುಂದಿನ ಕಟ್ಟೆ ಮೇಲೆ ಕೂತೇ ರುದ್ರೇಶನಿಗೆ ಫೋನ್ ಮಾಡಿದೆ. ಮಾರೋದಿಲ್ಲ ಎಂದೆ. ಅವನು ನನಗೆ ಬೈದ ಬೈಗುಳ ಇಲ್ಲಿ ಹಾಕುವುದಿಲ್ಲ, ಅದಕ್ಕೆ ಅವನಿಗೆ ಹಕ್ಕಿತ್ತು.

ರಫೀಕ್ ಸಾಬರು ಮತ್ತೆ ಡ್ರಿಲ್ ಹಿಡಿದು ಬಂದಾಗ ಮಂಚದ ಮೇಲಿದ್ದವರಿಗೆ ಅರ್ಥವಾಯಿತು.

“ಎಂತಕ್ಕೆ?” ಎಂದರು.

“ನೀವು ನಡೀಬೇಕು. ಅದಕ್ಕೆ.”

“ಅಲ್ಲಿ... ಹೊತ್ಕಂಡ್ ಹೋಗ್ತಾರೆ.”

“ಯಾರು? ಎಷ್ಟು ದಿನ ಹೊರ್ತಾರೆ?”

“ನಮ್ಮೋರು.” ಆಮೇಲೆ ಬಹಳ ಹೊತ್ತು ಬಾಯಿ ತಿರುಗಿಸಿ, ಉಗುಳು ನುಂಗಿ, ಪೂರ್ತಿ ಒಂದು ವಾಕ್ಯ ಹೇಳಿದರು. ಲಕ್ವ ಆದ ಮೇಲೆ ಅವರು ತಡವರಿಸದೆ ಆಡಿದ ಮೊದಲ ವಾಕ್ಯ. “ನೀನು ನನ್ನ ಊರು ತಪ್ಪಿಸಿದೆ.”

ಭಾವನವರು ಫೋನಿನಲ್ಲಿ, “ನೀನು ಅಲ್ಲಿಯೋಳೇ ಆಗ್‌ಬಿಟ್ಟೆ ಬಿಡು, ಅವ್ನನ್ನೂ ಅಲ್ಲೇ ಕೂರಿಸ್ದೆ” ಎಂದರು. ಗಿರಿಜವ್ವ ಕಾಂಪೌಂಡಿನಾಚೆಯಿಂದ, “ನೀವ್ ಸೊರಬದೋರು ಭಾಳ ಹಟ ರೀ, ಗಂಡನೂ ಹಂಗ, ಹೆಂಡ್ತಿನೂ ಹಂಗ” ಎಂದರು. ಎರಡೂ ಕಡೆಯವರು ನನ್ನನ್ನು ಆಚೆ ಕಡೆಗೆ ತಳ್ಳಿದರು. ಯಾರ ಮಾತು ನಿಜ ಎಂದು ನನಗೇ ಗೊತ್ತಿಲ್ಲ. ಮೊನ್ನೆ ಉಳವಿಯ ತಂಗಿಗೆ “ನಮ್ಮ ಕಡೆ ಮಳೆ ಇಲ್ಲ” ಎಂದೆ. ಯಾವ ಕಡೆಯ ಬಗ್ಗೆ ಹೇಳುತ್ತಿದ್ದೀಯ ಎಂದು ಅವಳು ಕೇಳಿದಳು.

ಈಗ ಅವರು ನಡೆಯುತ್ತಾರೆ. ಮೊದಲಿಗಿಂತ ನಿಧಾನ, ಆದರೆ ಒಬ್ಬರೇ. ನನ್ನ ಜೊತೆ ಬೇಕಾದಷ್ಟೇ ಮಾತು. ಊಟ ಸಾಕು, ಫ್ಯಾನು ಬೇಡ. ಊರಿನ ಮಾತೇ ಇಲ್ಲ. ಒಳಗೆ ಹೋದರೆ ಚಿಲಕ ಹಾಕಿಕೊಳ್ಳುತ್ತಾರೆ. ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು, ನಾನು ಕೈ ಮುಗಿದು ಹೇಳಿದೆ. ಕೇಳುವುದಿಲ್ಲ. ರೂಢಿಯಿಲ್ಲದ ಎಡಗೈಗೆ ಚಿಲಕ ಸುಲಭಕ್ಕೆ ಬಗ್ಗುವುದೂ ಇಲ್ಲ, ಎಷ್ಟೋ ಹೊತ್ತು ಕರಕರ ಎನ್ನಿಸಿ ಕೊನೆಗೆ ಹಾಕಿಯೇ ಹಾಕುತ್ತಾರೆ. ನಾನು ಹೊರಗೆ ನಿಂತಿರುತ್ತೇನೆ. ಹೋಗು ಎಂದು ಗದರಲಿ ಎಂದು ಕಾಯುತ್ತೇನೆ. ಒಳಗೆ ನೀರು ಬೀಳುತ್ತಿರುತ್ತದೆ.