ಡಾಕ್ಟರಮ್ಮನ ಮೂರು ಗಂಟೆಯ ಫೋನು

ಕುಬಟೂರಿನಲ್ಲಿ ನಮ್ಮಪ್ಪನದು ಬಟ್ಟೆ ಅಂಗಡಿ. ತೊಂಬತ್ತರ ದಶಕದ ನಡುವಿನಲ್ಲಿ ಅಪ್ಪ ಅಂಗಡಿಯ ಮೂಲೆಯೊಂದಕ್ಕೆ ಗಾಜಿನ ಬಾಗಿಲಿನ ಗೂಡು ಕಟ್ಟಿಸಿ, ಹೊರಗೆ ಹಳದಿ ಬೋರ್ಡು ತೂಗುಹಾಕಿ, ಎಸ್‌ಟಿಡಿ ಫೋನು ಹಾಕಿಸಿದರು. ನಾನು ಆಗಷ್ಟೇ ಆನವಟ್ಟಿಯಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಫೋನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನಂಬರು ಒತ್ತುವುದು, ಲೈನು ಸಿಕ್ಕ ಕೂಡಲೇ ರಿಸೀವರ್ ಕೈಗೆ ಕೊಟ್ಟು ಹೊರಗೆ ಬಂದು ಬಾಗಿಲು ಹಾಕುವುದು, ಇಷ್ಟೇ ಕೆಲಸ. ಇದರಲ್ಲಿ ಬೆರಗಾಗುವಂಥದ್ದು ಏನೂ ಇರಲಿಲ್ಲ. ಹಾಗಂತ ನಾನು ಅಂದುಕೊಂಡಿದ್ದೆ.

ಅಮ್ಮನಿಗೆ ಬಿಪಿ ಇತ್ತು. ತಿಂಗಳಿಗೊಮ್ಮೆ ಅಪ್ಪನ ಜೊತೆ ಹೊರಟು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಶಿಕಾರಿಪುರದ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಬರುತ್ತಿದ್ದಳು. ಒಂದು ಸಲ ಹಾಗೆ ಹೋಗಿ ಬಂದು ಹತ್ತು ದಿನವಾಗಿತ್ತು, ಅವಳ ಕಾಲು ಬಾತುಕೊಂಡಿತು. ಮತ್ತೆ ಬಸ್ಸು ಹತ್ತುವ ಮನಸ್ಸು ಅವಳಿಗಿರಲಿಲ್ಲ. "ಫೋನ್ ಮಾಡಿ ಕೇಳಾಣ," ಅಂದೆ. "ಫೋನಾಗೆ ನಾಡಿ ಹಿಡಿಯಕ್ ಆಗ್ತದನೇ?" ಅಂತ ಅಪ್ಪ ನಕ್ಕರು. ಆದರೂ ಡಾಕ್ಟರ ಔಷಧಿ ಚೀಟಿಯ ಮೇಲಿದ್ದ ನಂಬರನ್ನು ಅವರೇ ಓದಿ ಹೇಳಿದರು.

ಅಮ್ಮ ಎರಡು ಮಾತು ಆಡುವಷ್ಟರಲ್ಲಿ ಡಾಕ್ಟರು, "ಪಕ್ಕದಲ್ಲಿ ಯಾರಿದ್ದಾರೆ?" ಅಂತ ಕೇಳಿದರಂತೆ. ಅಮ್ಮ ರಿಸೀವರ್ ನನ್ನ ಕೈಗೆ ಕೊಟ್ಟಳು.

"ಮಗಳಾ? ಅಮ್ಮನ್ನ ಕೂರಿಸು. ಕಣಕಾಲಿನ ಮುಂದಿನ ಮೂಳೆ ಮೇಲೆ, ಪಾದದ ಗಂಟಿಗಿಂತ ಸ್ವಲ್ಪ ಮೇಲೆ, ಹೆಬ್ಬೆರಳಿಂದ ಒತ್ತಿ ಹಿಡಿ. ಹತ್ತು ಎಣಿಸಿ ಬಿಡು. ಏನ್ ಕಾಣ್ತದೆ ಹೇಳು."

ನಾನು ಒತ್ತಿ ಬಿಟ್ಟೆ. ಅಮ್ಮನ ಕಾಲಿನಲ್ಲಿ ನನ್ನ ಬೆರಳಿನ ಗುರುತು ಹಾಗೇ ಉಳಿದಿತ್ತು. "ಗುಳಿ ಬಿದ್ದದೆ ಮೇಡಂ."

"ಇನ್ನೊಂದು ಕಾಲು?"

ಅಲ್ಲೂ ಗುಳಿ ಬಿತ್ತು. ಆಮೇಲೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಮುಖ ಊದಿದೆಯಾ? ಮಲಗಿದರೆ ಉಸಿರು ಕಟ್ಟುತ್ತದಾ? ಮೂತ್ರ ಸರಿಯಾಗಿ ಹೋಗುತ್ತಿದೆಯಾ? ಹೊಸ ಮಾತ್ರೆ ಶುರು ಮಾಡಿದ ಮೇಲೆ ಬಾತಿದ್ದಾ, ಮೊದಲೇ ಇತ್ತಾ? ಎಲ್ಲ ಕೇಳಿಕೊಂಡು, "ಇದು ನಾನು ಕೊಟ್ಟ ಹೊಸ ಮಾತ್ರೆಯ ಕೆಲಸ. ಹಳೇ ಮಾತ್ರೆ ಇದ್ಯಲ್ಲ, ಇವತ್ತಿಂದ ಅದನ್ನೇ ತಗೊಳ್ಳಲಿ. ಮುಂದಿನ ವಾರ ಬಂದು ಬಿಪಿ ತೋರಿಸ್ಲಿ," ಅಂದರು. ವಾರದೊಳಗೆ ಊತ ಇಳಿಯಿತು. ಅಪ್ಪ ಎರಡು ದಿನ ಅದನ್ನೇ ಗಿರಾಕಿಗಳ ಮುಂದೆ ಹೇಳಿದರು. ನನಗೆ ಮಾತ್ರ ನನ್ನ ಹೆಬ್ಬೆರಳನ್ನು ನೋಡಿಕೊಳ್ಳುವುದೇ ಆಯಿತು. ಶಿಕಾರಿಪುರದಲ್ಲಿ ಕುಳಿತವರೊಬ್ಬರು ಈ ಬೆರಳಿನಿಂದ ನಮ್ಮಮ್ಮನ ಕಾಲು ಮುಟ್ಟಿ ನೋಡಿದ್ದರು.

ಸುದ್ದಿ ಊರಿಗೆಲ್ಲ ಹಬ್ಬಿತು. ಬೆಳಗಿನ ರೋಗಿಗಳು ಮುಗಿದ ಮೇಲೆ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಫೋನು ಮಾಡಬಹುದು ಅಂತ ಡಾಕ್ಟರೇ ಹೇಳಿದರು. ಕೆಮ್ಮು, ನೆಗಡಿ, ಭೇದಿ, ತುರಿಕೆ, ಕಿವಿನೋವು ಎಲ್ಲ ನಮ್ಮ ಅಂಗಡಿಯ ಬೆಂಚಿನ ಮೇಲೆ ಬಂದು ಕೂತವು. ಹೆಚ್ಚಿನವರಿಗೆ ಫೋನಿನಲ್ಲಿ ಮಾತಾಡಲು ಅಂಜಿಕೆ. ಹಾಗಾಗಿ ನಾನು ಗೂಡಿನೊಳಗೇ ನಿಲ್ಲತೊಡಗಿದೆ.

ಶಾಲೆಯ ಮೇಷ್ಟ್ರೊಬ್ಬರಿಗೆ ಕತ್ತಿನ ಹಿಂದೆ ಕಜ್ಜಿಯಾಗಿತ್ತು. ಅವರು ನನಗೂ ಪಾಠ ಮಾಡಿದವರು. ಗಾಜಿನ ಗೂಡಿನಲ್ಲಿ ಕಾಲರ್ ಇಳಿಸಿ, ನನಗೆ ಬೆನ್ನು ಮಾಡಿ, ತಲೆ ತಗ್ಗಿಸಿ ನಿಂತರು. "ಕೆಂಪಗಿದೆ," ಅಂದೆ ನಾನು ಫೋನಿನಲ್ಲಿ.

"ಕೆಂಪು ಅಂದ್ರೆ ನನಗೇನೂ ತಿಳಿಯಲ್ಲ. ಅಂಚು ಕೆಂಪಾ, ನಡುವೆ ಕೆಂಪಾ?"

ಸರಿಯಾಗಿ ನೋಡಿದೆ. ಅಂಚು ಉಂಗುರದ ಹಾಗೆ ಎದ್ದು ಕೆಂಪಾಗಿತ್ತು. ನಡುವಿನ ಚರ್ಮ ಹೆಚ್ಚುಕಡಿಮೆ ಮಾಮೂಲಿಯಾಗಿತ್ತು. ಹೇಳಿದೆ. "ಹುಳುಕಡ್ಡಿ," ಅಂದರು. ಮುಲಾಮಿನ ಹೆಸರು ಬರೆಸಿ, "ವಾಸಿ ಆದಂಗೆ ಕಂಡ್ರೂ ಎರಡು ವಾರ ಹಚ್ಚಲಿ. ಅವರ ಟವೆಲ್ ಬೇರೆ ಯಾರೂ ಮುಟ್ಟೋದು ಬೇಡ," ಅಂದರು. ಅಲ್ಲಿಯವರೆಗೆ ನಾನು ಕೆಂಪನ್ನು ಕೆಂಪು ಅಂತ ಮಾತ್ರ ನೋಡಿದವಳು. ಅದಕ್ಕೂ ಒಂದು ಅಂಚಿದೆ, ಆ ಅಂಚು ಮಾತಾಡುತ್ತದೆ ಅಂತ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಎಲ್ಲದಕ್ಕೂ ಅವರು ಔಷಧಿ ಹೇಳುತ್ತಿರಲಿಲ್ಲ. ಬಡಗಿಯೊಬ್ಬ ಹೊಟ್ಟೆ ಹಿಡಿದುಕೊಂಡು ಬಂದಾಗ ನಾಲ್ಕೇ ಪ್ರಶ್ನೆ ಕೇಳಿ, "ಇದು ಫೋನಿಗೆ ಸಿಗೋ ಕಾಯಿಲೆ ಅಲ್ಲ. ಈಗಲೇ ಕಳ್ಸು," ಅಂದುಬಿಟ್ಟರು. ಅವನಿಗೆ ಅಪೆಂಡಿಕ್ಸ್ ಆಗಿತ್ತು. ಕಾಣದೆಯೇ ಇಷ್ಟು ತಿಳಿಯುವವರು, ತಮಗೆ ಕಾಣದ್ದು ಯಾವುದು ಅಂತಲೂ ಅಷ್ಟೇ ಖಚಿತವಾಗಿ ತಿಳಿದಿದ್ದರು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಕುರಿ ಸಾಕುವ ಮನೆಯ ಅಜ್ಜಿಯೊಬ್ಬಳು ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಮಗುವಿಗೆ ಎರಡು ವರ್ಷ. ಅಪ್ಪ ಅಮ್ಮ ಇಬ್ಬರೂ ಕುರಿಗಳ ಜೊತೆ ದೂರ ಹೋಗಿದ್ದರು.

"ಕೆಮ್ಮು ಐತಿ ತಂಗಿ. ನಿನ್ನಿಯಿಂದ ಗಂಜಿನೂ ಒಲ್ಲೆ ಅಂತೈತಿ. ಆ ಫೋನಿನ ಅವ್ವಗ ಒಂದ್ ಔಷಧಿ ಕೇಳು," ಅಂದಳು.

ನನ್ನ ಕಣ್ಣಿಗೆ ಮಗು ಜೋಂಪಿನಲ್ಲಿದ್ದ ಹಾಗೆ ಕಂಡಿತು, ಅಷ್ಟೆ. ಹಾಗೇ ಹೇಳಿದೆ. ಡಾಕ್ಟರ ದನಿ ತಗ್ಗಿತು.

"ಗಡಿಯಾರ ಇದ್ಯಾ? ಮಗುವಿನ ಅಂಗಿ ಮೇಲೆತ್ತು. ಹೊಟ್ಟೆ ಏರಿ ಇಳಿದ್ರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸು. ಅವಸರ ಮಾಡ್ಬೇಡ, ನಾನು ಕಾಯ್ತೀನಿ."

ಗೂಡಿನ ಬಾಗಿಲು ತೆರೆದು, ರಿಸೀವರನ್ನು ಪಕ್ಕದ ಬಟ್ಟೆಯ ಥಾನಿನ ಮೇಲೆ ಇಟ್ಟು, ಗೋಡೆಯ ಗಡಿಯಾರದ ಸೆಕೆಂಡು ಮುಳ್ಳನ್ನೂ ಆ ಪುಟ್ಟ ಹೊಟ್ಟೆಯನ್ನೂ ನೋಡುತ್ತಾ ಎಣಿಸಿದೆ. ಒಂದು ನಿಮಿಷ ಅಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗಿರಾಕಿಗೆ ಸೀರೆ ತೋರಿಸುತ್ತಿದ್ದ ಅಪ್ಪನ ಕೈ ಹಾಗೇ ನಿಂತಿತ್ತು.

"ಐವತ್ತಾರು, ಮೇಡಂ."

"ಉಸಿರು ಒಳಗೆ ಎಳೆದಾಗ ಪಕ್ಕೆಲುಬಿನ ಕೆಳಗೆ ಏನಾಗ್ತದೆ ನೋಡು. ಹೊರಗೆ ಬರ್ತದಾ, ಒಳಗೆ ಹೋಗ್ತದಾ?"

ಪ್ರತಿ ಉಸಿರಿಗೂ ಅಲ್ಲಿನ ಚರ್ಮ ಒಳಗೆ ಸೆಳೆದುಕೊಳ್ಳುತ್ತಿತ್ತು. ಇಷ್ಟು ಹೊತ್ತು ಅದು ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ಅವರು ಕೇಳಿದ ಮೇಲೆಯೇ ನನಗೆ ಕಂಡಿದ್ದು.

"ಒಳಗೆ ಹೋಗ್ತದೆ."

"ಸಿಕ್ಕಿದ ಮೊದಲ ಗಾಡಿಗೆ ಹತ್ತಿಸಿ. ಬಸ್ಸಿಗೆ ಕಾಯ್ಬೇಡಿ. ನಾನಿಲ್ಲಿ ಎಲ್ಲ ತಯಾರಿ ಮಾಡ್ಕೊಂಡಿರ್ತೀನಿ."

ಅಜ್ಜಿ ಒಪ್ಪಲಿಲ್ಲ. "ಬರೇ ಕೆಮ್ಮು ಅದು. ಮಗ ಸೊಸಿ ಊರಾಗಿಲ್ಲ. ನಾ ಒಬ್ಬಾಕಿ ಅಲ್ಲಿಗೆಂಗ ಹೋಗ್ಲಿ?" ಅಂತ ನೆಲಕ್ಕೆ ಕೂತಳು. "ನಾನೂ ಬರ್ತೀನಿ ನಡೀರಿ ಅಜ್ಜಿ," ಅಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅಪ್ಪ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ರಸ್ತೆಗಿಳಿದು, ಭತ್ತ ಇಳಿಸಿ ವಾಪಸ್ಸು ಹೊರಟಿದ್ದ ಟೆಂಪೊ ಒಂದಕ್ಕೆ ಕೈ ಅಡ್ಡ ಹಿಡಿದರು.

ದಾರಿಯುದ್ದಕ್ಕೂ ನಾನು ಎಣಿಸುತ್ತಲೇ ಇದ್ದೆ. ಶಿರಾಳಕೊಪ್ಪ ದಾಟುವಾಗ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದೆ. ಅಜ್ಜಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಯಾಕೆ ಎಣಿಸುತ್ತೀ ಅಂತ ಕೇಳಿದಳು. ಉಸಿರು ಇಷ್ಟು ಜೋರಾಗಿ ಓಡಿದರೆ, ಪಕ್ಕೆ ಒಳಗೆ ಸೆಳೆದರೆ ಅದು ಬರೀ ಕೆಮ್ಮಲ್ಲ ಅಂತ ನನಗೆ ತಿಳಿದಷ್ಟು ಹೇಳಿದೆ.

ಡಾಕ್ಟರನ್ನು ನಾನು ಕಣ್ಣಾರೆ ಕಂಡಿದ್ದು ಆ ಸಂಜೆಯೇ ಮೊದಲು. ದನಿ ಕೇಳಿ ಎತ್ತರದ ಹೆಂಗಸು ಅಂದುಕೊಂಡಿದ್ದೆ. ನನ್ನ ಭುಜಕ್ಕೆ ಬರುವಷ್ಟು ಎತ್ತರದ, ದಪ್ಪ ಕನ್ನಡಕದ ಒಬ್ಬರು ಬಾಗಿಲಲ್ಲೇ ನಿಂತಿದ್ದರು. ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಇಂಜೆಕ್ಷನ್ ಆಯಿತು, ಮೂಗಿಗೆ ಆಕ್ಸಿಜನ್ ನಳಿಗೆ ಬಂತು. ಎಲ್ಲ ಒಂದು ಹದಕ್ಕೆ ಬಂದ ಮೇಲೆ ನನ್ನ ಕಡೆ ತಿರುಗಿ, "ನೀನೇನಾ ಕುಬಟೂರಿನ ನನ್ನ ಕಣ್ಣು?" ಅಂದರು. ಸ್ಟೆಥಾಸ್ಕೋಪನ್ನು ತೆಗೆದು ನನ್ನ ಕಿವಿಗೆ ಇಟ್ಟರು. "ಕೇಳು. ಫೋನಲ್ಲಿ ನನಗೆ ಸಿಗದೇ ಇರೋದು ಇದು."

ಮಗುವಿನ ಎದೆಯೊಳಗೆ, ಕಿವಿಯ ಹತ್ತಿರ ಕೂದಲನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದರೆ ಬರುತ್ತದಲ್ಲ, ಅಂಥ ಸಣ್ಣ ಸದ್ದು. ಅದರ ಹಿಂದೆ ಗುಬ್ಬಿಯಂಥ ಹೃದಯದ ಓಟ. ಎಷ್ಟು ಹೊತ್ತು ಕೇಳುತ್ತಾ ನಿಂತೆನೋ, ಅವರೇ ಮೆಲ್ಲಗೆ ಬಿಡಿಸಿಕೊಂಡರು.

"ಕಾಣದೆ ಅಷ್ಟು ಧೈರ್ಯವಾಗಿ ಹೆಂಗೆ ಹೇಳ್ತೀರಿ ಮೇಡಂ?" ಅಂತ ಕೇಳಿದೆ.

"ಧೈರ್ಯ ಯಾರು ಅಂದ್ರು? ಫೋನ್ ಇಟ್ಟ ಮೇಲೆ ದಿನಾ ಕೂತು ಯೋಚಿಸ್ತೀನಿ, ಏನು ಕೇಳೋದು ಬಿಟ್ಟೆ ಅಂತ," ಅಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ನನಗೆ ಅವರ ಮೇಲಿದ್ದ ಬೆರಗು ಆ ಮಾತಿನಿಂದ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು.

ನ್ಯುಮೋನಿಯಾ ಆಗಿತ್ತು. ಐದನೇ ದಿನ ಮಗು ಅಜ್ಜಿಯ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ತಿಂದಿತು. ಅಷ್ಟರಲ್ಲಿ ಅವಳ ಮಗ ಸೊಸೆಯೂ ಬಂದಿದ್ದರು. ಎಲ್ಲರೂ ಬಸ್ಸಿನಲ್ಲಿ ಊರಿಗೆ ಮರಳಿದರು.

ಮುಂದಿನ ಮಳೆಗಾಲದಲ್ಲಿ ಅದೇ ಅಜ್ಜಿ ಮತ್ತೆ ಬಂದಳು. ಜೊತೆಗೆ ಅವಳ ಕೇರಿಯ ಎಳೆ ಬಾಣಂತಿಯೊಬ್ಬಳು, ಅವಳ ಪಕ್ಕದಲ್ಲಿ ಕೆಮ್ಮುತ್ತಿದ್ದ ಅವಳ ಮೂರು ವರ್ಷದ ದೊಡ್ಡ ಮಗ. ಈ ಸಲ ಅಜ್ಜಿ ನಮ್ಮ ಗಡಿಯಾರದ ಕಡೆ ನೋಡಲೇ ಇಲ್ಲ.

"ಎಣಿಸೇನಿ. ಹಿಟ್ಟಿನ ಗಿರಣಿಯಾಗ ಗಡಿಯಾರ ಐತಲ್ಲ, ಆ ಕೆಂಪು ಮುಳ್ಳು ಒಂದ್ ಸುತ್ತು ಬರೂದ್ರಾಗ ಇಪ್ಪತ್ತೆಂಟು. ಪಕ್ಕಿ ಒಳಗ ಹೋಗ್ವಲ್ದು. ರೊಟ್ಟಿ ತಿಂದಾನ," ಅಂದಳು.

"ನೀವೇ ಎಣಿಸಿದ್ರಾ ಅಜ್ಜಿ?"

"ಓಡೋ ಕುರಿ ಎಣಿಸಾಕಿ ನಾನು. ಮಲಗಿದ್ ಹುಡುಗನ ಉಸಿರು ಎಣಿಸಾಕ ಬರೂದಿಲ್ಲೇನು?"

ಫೋನಿನಲ್ಲಿ ಅವಳು ಹೇಳಿದ್ದನ್ನೆಲ್ಲ ಹಾಗೇ ಒಪ್ಪಿಸಿದೆ.

"ಯಾರು ಎಣಿಸಿದ್ದು ಅಂದೆ?" ಅಂತ ಡಾಕ್ಟರು ಕೇಳಿದರು. ಹೇಳಿದೆ.

"ಅವರಿಗೇ ಫೋನ್ ಕೊಡು. ನೀನು ಹೊರಗೆ ಹೋಗು."

ಅಜ್ಜಿಯ ಕೈಗೆ ರಿಸೀವರ್ ಕೊಟ್ಟು, ಅದನ್ನು ಕಿವಿಗೆ ಸರಿಯಾಗಿ ಹಿಡಿಸಿ, ಹೊರಗೆ ಬಂದು ಬಾಗಿಲು ಹಾಕಿದೆ. ಒಳಗಿನ ಮಾತು ನನಗೆ ಕೇಳಿಸುತ್ತಿರಲಿಲ್ಲ. ಗಾಜಿನ ಆಚೆ ಅಜ್ಜಿ ತನ್ನ ಪಕ್ಕೆಯ ಮೇಲೆ ಕೈಯಿಟ್ಟು ತೋರಿಸುತ್ತಿದ್ದಳು. ಬೆರಳು ಮಡಚಿ ಬಿಚ್ಚುತ್ತಿದ್ದಳು. ಒಮ್ಮೆ ಜೋರಾಗಿ ನಕ್ಕಳು. ಶಿಕಾರಿಪುರದಲ್ಲಿರುವವರಿಗೆ ಅದೆಲ್ಲ ಕಾಣುತ್ತಿದೆ ಅಂತಲೇ ಅವಳು ನಂಬಿದ ಹಾಗಿತ್ತು. ನಾನು ಅಂಗಡಿಯ ಮೆಟ್ಟಿಲ ಮೇಲೆ, ಆ ಬಾಣಂತಿಯ ಪಕ್ಕದಲ್ಲಿ ಕೂತು, ಅವರಿಬ್ಬರ ಮಾತು ಮುಗಿಯುವವರೆಗೆ ಕಾದೆ.