ಟಿಕ್ ಟಿಕ್ ನಿಂತ ಬೆಳಿಗ್ಗೆ

ಹುಣಸೂರಿನಲ್ಲಿ ನನ್ನ ಕಾರಿನ ಎಂಜಿನ್ ಬಗ್ಗೆ ಅಭಿಪ್ರಾಯವಿಲ್ಲದ ಗಂಡಸು ಇನ್ನೂ ಹುಟ್ಟಿಲ್ಲ. ಹಾಲಿನವನಿಂದ ಹಿಡಿದು ಬ್ಯಾಂಕಿನ ವಾಚ್‌ಮನ್‌ವರೆಗೆ ಎಲ್ಲರೂ ಗೇಟಿನ ಹತ್ತಿರ ನಿಂತು, ಕತ್ತು ಓರೆ ಮಾಡಿ, "ಸವುಂಡು ಸರಿಯಿಲ್ಲ ಕಣ್ರಮ್ಮ" ಅನ್ನುತ್ತಾರೆ. ಇವರಲ್ಲಿ ಒಬ್ಬನೂ ಅಂಥ ಕಾರಿನೊಳಗೆ ಕೂತವನಲ್ಲ. "ಐ ಬೆಗ್ ಯುವರ್ ಪಾರ್ಡನ್?" ಎಂದು ಕಾನ್ವೆಂಟಿನ ಮದರ್ ನಮ್ಮನ್ನು ಕೇಳುತ್ತಿದ್ದ ಸ್ವರದಲ್ಲೇ ಕೇಳಿ ಗೇಟು ಹಾಕಿಕೊಳ್ಳುತ್ತೇನೆ.

ಕಾರು ಕೆಂಪು, ಎರಡೇ ಸೀಟು, ಸೆಕೆಂಡ್ ಹ್ಯಾಂಡ್. ಕಂಪಲಾಪುರದ ಹೊಗೆಸೊಪ್ಪಿನ ಹೊಲದಲ್ಲಿ ನನ್ನ ಪಾಲಿಗೆ ಬಂದದ್ದನ್ನು ಮಾರಿ, ಅರವತ್ತಾರನೇ ವಯಸ್ಸಿನಲ್ಲಿ, ಕೊಡಗಿನ ಪ್ಲಾಂಟರ್ ಒಬ್ಬರಿಂದ ಕೊಂಡೆ. ಅವರಿಗೆ ಮೊಣಕಾಲು ಹೋಗಿತ್ತು; ಅಷ್ಟು ತಗ್ಗಿನ ಸೀಟಿನಿಂದ ಏಳಲು ಆಗುತ್ತಿರಲಿಲ್ಲ. ಕೀ ಕೊಡುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಿ, ಮಗಳ ಸ್ವಭಾವ ಅತ್ತೆಮನೆಯವರಿಗೆ ತಿಳಿಸುವ ಹಾಗೆ ಒಂದೊಂದೇ ಹೇಳಿದರು.

"ಇದರ ಎಂಜಿನ್ ಸೀಟಿನ ಹಿಂದೆ ಅಡ್ಡ ಮಲಗಿದೆ ಮೇಡಂ. ತುಂಬ ಹೊತ್ತು ನಿಂತರೆ ಎಣ್ಣೆ ಒಳಗೆ ಜಾರುತ್ತೆ, ಸ್ಟಾರ್ಟ್ ಮಾಡಿದಾಗ ಒಂದು ಬಾಯಿ ನೀಲಿ ಹೊಗೆ ಬಿಡುತ್ತೆ. ಬಿಡಲಿ. ಒಂದು ನಿಮಿಷ ಜೋರಾಗಿ ಕೂಗುತ್ತೆ. ಆಮೇಲೆ ಹೊಲಿಗೆ ಮೆಷಿನ್ ಥರ ಟಿಕ್ ಟಿಕ್. ಬಿಸಿಯಾದರೆ ಅದೂ ನಿಲ್ಲುತ್ತೆ. ಅದೆಲ್ಲ ಗುಣ. ಆದರೆ ದಿಬ್ಬ ಹತ್ತುವಾಗ ಒಳಗಿಂದ ಯಾರೋ ಬಾಗಿಲು ಬಡಿದ ಹಾಗೆ ಕೇಳಿತೋ, ಅದು ರೋಗ. ನಿಲ್ಲಿಸಿಬಿಡಿ." ಡಿಕ್ಕಿಯಲ್ಲಿ ಎರಡು ಡಬ್ಬಿ ತೆಳು ಎಣ್ಣೆ ಇಟ್ಟು, "ಇದನ್ನು ಬಿಟ್ಟು ಬೇರೆ ಹಾಕಬೇಡಿ" ಎಂದರು. ಕಾರು ತಿರುವು ದಾಟುವವರೆಗೂ ಅವರು ನಿಂತೇ ಇದ್ದದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಪೂರ್ ಮ್ಯಾನ್.

ನನ್ನ ತಮ್ಮನಿಗೆ ಮೊದಲ ದಿನದಿಂದಲೂ ಆ ಕಾರು ಕಣ್ಣುರಿ. ಪಕ್ಕದ ಹೊಲ ಅವನದು. ನನ್ನ ಪಾಲು ಬೇರೆಯವರ ಕೈಗೆ ಹೋದದ್ದನ್ನು ಅವನು ಇವತ್ತಿಗೂ ನುಂಗಿಕೊಂಡಿಲ್ಲ. "ನಮ್ಮಪ್ಪನ ಭೂಮಿ ಮಾರಿ ಕೆಮ್ಮೋ ಕಾರು ತಂದವ್ಳೆ" ಎಂದು ಪಿರಿಯಾಪಟ್ಟಣದ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಕೊನೆಗೊಂದು ದಿನ ನನ್ನ ಜಗುಲಿಯಲ್ಲೇ ಕೂತು, "ಎಂಜಿನ್ ಕೆಟ್ಟದೆ ಅಂತ ಸಾಬೀತಾದ್ರೆ ಕೀ ನಂಗೆ ಕೊಡ್ಬೇಕು ಕಣಕ್ಕ. ಮಾರ್ಬುಡ್ತೀನಿ. ನೀನು ಇನ್ನೊಂದು ಸಲ ಸ್ಟೇರಿಂಗ್ ಮುಟ್ಟಂಗಿಲ್ಲ" ಎಂದ. ಕೋಪದಲ್ಲಿ "ಡನ್!" ಅಂದುಬಿಟ್ಟೆ. ಮಾತು ಕೊಟ್ಟ ಮೇಲೆ ಮುರಿಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಆಮೇಲೆ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹತ್ತು ದಿನ ಡ್ರೈವಿಂಗ್ ಬೇಡ ಎಂದರು ಡಾಕ್ಟರು. ಆ ಹತ್ತು ದಿನದಲ್ಲಿ ತಮ್ಮ ಒಳ್ಳೆಯವನಾಗಿ, ಕಾರನ್ನು ತನ್ನ ಟ್ರ್ಯಾಕ್ಟರ್ ರಿಪೇರಿಯವನ ಶೆಡ್ಡಿಗೆ ಒಯ್ದು "ಸರ್ವಿಸ್" ಮಾಡಿಸಿ ತಂದ. ಹತ್ತು ದಿನ ಮುಗಿದ ಬೆಳಿಗ್ಗೆ ನಾನು ಸ್ಟಾರ್ಟ್ ಮಾಡಿದೆ. ಟಿಕ್ ಟಿಕ್ ಇಲ್ಲ. ಮೆತ್ತಗೆ, ಕಂಬಳಿ ಹೊದ್ದು ಉಸಿರಾಡಿದ ಹಾಗೆ.

"ನೋಡ್ದಾ? ಎಂಗೆ ಬಾಯಿ ಮುಚ್ಚುಸ್ದ ನಮ್ಮುಡ್ಗ! ರಿಪೇರಿ ಮಾಡುದ್ಮೇಲೆ ನಿಂತದೆ ಅಂದ್ರೆ ಕೆಟ್ಟಿತ್ತು ಅಂತ್ಲೇ ಅಲ್ವಾ?" ಎಂದು ತಮ್ಮ ಚಪ್ಪಾಳೆ ತಟ್ಟಿದ.

ನನಗೆ ಆ ಮೆತ್ತಗಿನ ಸದ್ದು ಹಿಡಿಸಲಿಲ್ಲ. ರಜೆಯಲ್ಲಿ ಕಾನ್ವೆಂಟಿನಿಂದ ಬಂದಾಗ ನಾನೂ ಅವನೂ ಬ್ಯಾರನ್ ಪಕ್ಕದಲ್ಲೇ ಬೆಳೆದವರು. ಹೊಗೆಸೊಪ್ಪು ನೇತುಹಾಕಿ ಬೇಯಿಸುವ ಆ ಎತ್ತರದ ಮನೆಯೊಳಗೆ ಬೆಂಕಿಯ ಶಾಖ ಹೊತ್ತ ತಗಡಿನ ಪೈಪುಗಳು ಓಡುತ್ತವೆ. ಕಾದಾಗ ಟಿಣ್ ಟಿಣ್ ಅನ್ನುತ್ತವೆ. ಬೆಂಕಿ ನೋಡಿಕೊಳ್ಳುವ ಅಜ್ಜಿ ಗೋಡೆಗೆ ಒರಗಿ ಎಲೆಯಡಿಕೆ ಹಾಕುತ್ತಾ, "ಟಿಣ್ ಅಂತಿರಗಂಟ ನಿದ್ದೆ ಮಾಡು ಕಣವ್ವ. ಸುಮ್ಕಾಯ್ತು ಅಂದ್ರೆ ಎದ್ದು ಓಡು, ಪೈಪಿನ ಮ್ಯಾಲೆ ಸೊಪ್ಪು ಬಿದ್ದದೆ" ಅನ್ನುತ್ತಿದ್ದಳು. ಬ್ಯಾರನ್ನು ಸುಟ್ಟುಹೋಗುವುದು ಹಾಗೆಯೇ, ಸದ್ದು ನಿಂತ ಮೇಲೆ.

ಎಂಜಿನ್ ಆಫ್ ಮಾಡಿ, ಎಣ್ಣೆ ನೋಡುವ ಕಡ್ಡಿ ಹೊರಗೆಳೆದೆ. ಬೆಲ್ಲದ ಪಾಕ. ತುದಿಯಿಂದ ತೊಟ್ಟಿಕ್ಕದೆ ನೂಲಿನ ಹಾಗೆ ಜೋತಾಡಿತು. ಡಿಕ್ಕಿಯಲ್ಲಿ ಎರಡೂ ಡಬ್ಬಿ ಸೀಲು ಒಡೆಯದೆ ಹಾಗೇ ಇದ್ದವು.

ಕಾರನ್ನು ಮುಟ್ಟದೆ, ತಮ್ಮನ ಸ್ಕೂಟರಿನ ಹಿಂದೆ ಕೂತು ಕೆ.ಆರ್. ನಗರದ ರಸ್ತೆಯಲ್ಲಿದ್ದ ಆ ಶೆಡ್ಡಿಗೆ ಹೋದೆ. ರಿಪೇರಿಯವನು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ, ತುದಿಯನ್ನು ಟ್ರ್ಯಾಕ್ಟರಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದ, ಪೂಜೆ ಮಾಡುವವನ ಹಾಗೆ.

"ನನ್ನ ಕಾರಿಗೆ ಏನು ಹಾಕಿದೆ?"

"ಟ್ರ್ಯಾಕ್ಟ್ರು ಆಯಿಲ್ಲು ಕಣ್ರವ್ವಾ. ಮಂದಕ್ಕದೆ. ಸವುಂಡು ನಿಂತೋಯ್ತಲ್ಲ?"

"ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದರೂ ಸೌಂಡ್ ನಿಲ್ಲುತ್ತೆ. ಈಡಿಯಟ್!"

"ಬೈಬ್ಯಾಡಿ ಕಣ್ರಿ. ನಿಮ್ಮ ತಮ್ಮನೋರೇ ಏಳಿದ್ರು, ಎಂಗಾರಾ ಮಾಡಿ ಸದ್ದು ನಿಲ್ಸ್ಲಾ ಅಂತ."

ತಮ್ಮ ಟೈರುಗಳ ಕಡೆ ನೋಡತೊಡಗಿದ. ನಾನು ಅವನ ಮುಂದೆ ಹೋಗಿ ನಿಂತೆ. "ಬ್ಯಾರನ್ ಪೈಪು ಸುಮ್ಮನಾದರೆ ಏನು ಮಾಡುತ್ತೀಯ?"

"ಬಾಗ್ಲು ತೆಗ್ದು ನೋಡ್ತೀನಿ."

"ಮತ್ತೆ ನನ್ನ ಕಾರು ಸುಮ್ಮನಾದಾಗ ಯಾಕೋ ಚಪ್ಪಾಳೆ ತಟ್ಟಿದೆ?"

ರಿಪೇರಿಯವನನ್ನು ಮನೆಗೇ ಕರೆಸಿ, ನನ್ನ ಕಣ್ಣೆದುರಿಗೇ ಆ ಪಾಕವನ್ನೆಲ್ಲ ಬಸಿಸಿ, ಡಬ್ಬಿಯ ತೆಳು ಎಣ್ಣೆ ಹಾಕಿಸಿದೆ. ಆಪರೇಷನ್ ಆದ ಕಣ್ಣು ನೀರಾಡುತ್ತಿತ್ತು. ಯಾರೂ ಅದನ್ನು ಅಳು ಅಂದುಕೊಳ್ಳಬಾರದೆಂದು ಕಪ್ಪು ಕನ್ನಡಕ ತೆಗೆಯಲಿಲ್ಲ.

ಸ್ಟಾರ್ಟ್ ಮಾಡಿದೆ. ಒಂದು ಬಾಯಿ ನೀಲಿ ಹೊಗೆ. ಕೂಗು. ಆಮೇಲೆ, ದೇವರೇ, ಟಿಕ್ ಟಿಕ್.

"ಮತ್ತೆ ಬಂತಲ್ಲ ದರಿದ್ರ ಸದ್ದು!" ಎಂದ ತಮ್ಮ.

"ಕಾರು ಹತ್ತು. ಕೂತುಕೊಂಡು ಕೇಳು."

ಎಚ್.ಡಿ. ಕೋಟೆ ರಸ್ತೆ ಹಿಡಿದೆವು. ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನು ಕೂತ. ಮೂರ್ನಾಲ್ಕು ಮೈಲಿ ಹೋಗುವುದರಲ್ಲಿ ಟಿಕ್ ಟಿಕ್ ತಾನಾಗಿ ಕರಗಿತು, ಪ್ಲಾಂಟರ್ ಹೇಳಿದ ಹಾಗೇ. ತಮ್ಮ ಥಟ್ಟನೆ ನನ್ನ ಕಡೆ ತಿರುಗಿ, "ಅಕ್ಕಾ, ಸುಮ್ಕಾಯ್ತು ಕಣೇ! ಏನೋ ಆಯ್ತು!" ಎಂದ. ಎಷ್ಟೋ ವರ್ಷಗಳ ಮೇಲೆ ಅವನ ಜೊತೆ ನಗು ಬಂತು. ಆದರೆ ನಗಲಿಲ್ಲ.

ಏಕೆಂದರೆ ಅಷ್ಟರಲ್ಲಿ ದಿಬ್ಬ ಬಂತು. ಆಕ್ಸಿಲರೇಟರ್ ಒತ್ತಿದೆ. ನಮ್ಮ ಬೆನ್ನ ಹಿಂದೆ, ತೀರಾ ಆಳದಲ್ಲಿ, ಯಾರೋ ಬಾಗಿಲು ಬಡಿದರು. ಧಡ್. ಧಡ್.

ಅವನಿಗೆ ಕೇಳಿಸಲೇ ಇಲ್ಲ. ನಾನು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಕಾರನ್ನು ಹುಣಸೆಮರದಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ತೆಗೆದು ಅವನ ತೊಡೆಯ ಮೇಲಿಟ್ಟೆ.

"ಇದು ರೋಗ. ಪಾಕ ಒಳಗೆ ಹರಿಯದೆ ಬೇರಿಂಗ್ ಒಣಗಿದೆ. ನೀನು ಕೊಟ್ಟ ರೋಗ. ಆದರೂ ಮಾತು ಮಾತೇ. ತಗೋ."

ಅವನು ಕೀ ನೋಡಿದ. ಒಂದು ಎತ್ತಿನಗಾಡಿ ನಿಧಾನವಾಗಿ ನಮ್ಮನ್ನು ದಾಟಿಕೊಂಡು ಹೋಯಿತು. ಗಾಡಿಯವನು ಕತ್ತು ಓರೆ ಮಾಡಿ, "ಇಂಜಿನ್ ಓಯ್ತಾ ಅಣ್ಣೋ?" ಎಂದ.

"ನಿನ್ ಕೆಲ್ಸ ನೋಡ್ಕೊಂಡು ಓಗಲಾ!" ಎಂದು ತಮ್ಮ ಗುಡುಗಿದ. ಆಮೇಲೆ ಕೀಯನ್ನು ನನ್ನ ಬ್ಯಾಗಿನೊಳಗೆ ಹಾಕಿ, ಫೋನು ತೆಗೆದು, ಮೈಸೂರಿಗೆ ಕಾರು ಸಾಗಿಸಲು ಲಾರಿ ಇರುವವರು ಯಾರೆಂದು ವಿಚಾರಿಸತೊಡಗಿದ.

ಕ್ಷಮೆ ಕೇಳಲಿಲ್ಲ. ನಾನೂ ಇನ್ನೂ ಕ್ಷಮಿಸಿಲ್ಲ. ಕಾರು ಮೈಸೂರಿನಲ್ಲಿ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದೆ. ಕೀ ನನ್ನ ಹತ್ತಿರವೇ ಇದೆ.